ಕೊರಿಯಾ ದೇಶದ ಸಿಹಿನೀರಿನ ಅಪೂರ್ವ ಮೀನುಗಳೂ ಅವುಗಳ ಸಂರಕ್ಷಣೆಯೂ

ಕೆರೆಯನ್ನು ಕಟ್ಟಿಸುವವರು ಗದ್ದೆಗೆ ನೀರನ್ನು ಒದಗಿಸಬೇಕೆಂಬ ಉದ್ದೇಶದಿಂದಲೇ ಅದನ್ನು ಕಟ್ಟಿಸುತ್ತಾರೆ. ಆದರೆ ಏರಿ ನಿಂತು ನೀರು ತುಂಬಿದ ಮೇಲೆ ಕೆರೆಯು ಕೇವಲ ನೀರಿನ ಉಗ್ರಾಣವಾಗಿ ಉಳಿಯುವುದಿಲ್ಲ. ಮೀನು, ಏಡಿ, ಕಪ್ಪೆಚಿಪ್ಪು, ಜೊಂಡು, ನೀರುಹಕ್ಕಿ ಇವೇ ಮೊದಲಾದುವು ಅಲ್ಲಿ ನೆಲೆಗೊಂಡು, ಒಂದು ಮತ್ತೊಂದನ್ನು ಆಶ್ರಯಿಸಿ ಬಾಳತೊಡಗುವುವು. ಇವುಗಳಲ್ಲಿ ಯಾವುದೋ ಒಂದು ಯಾವಾಗಲೋ ಇಲ್ಲವಾದರೆ, ದಿನವೂ ತೂಬಿನ ಬಳಿ ನಿಂತು ನೀರು ಹಾಯಿಸಿಕೊಳ್ಳುವ ರೈತನಿಗೂ ಅದು ತಿಳಿಯುವುದಿಲ್ಲ. ಹೀಗೆ ಒಂದು ಬೇಸಾಯದ ಕೆರೆಯಿಂದ, ಅದೂ ವ್ಯವಸಾಯ ಪ್ರಯೋಗಕ್ಷೇತ್ರದ ಮಗ್ಗುಲಿನಿಂದಲೇ, ಮೀನಿನ ಒಂದು ಜಾತಿಯು ಪ್ರಪಂಚದಲ್ಲಿಯೇ ಇಲ್ಲದಂತಾದ ಸಂಗತಿಯು ಕೊರಿಯಾ ದೇಶದಲ್ಲಿ ನಡೆದಿರುವುದು. ಅಲ್ಲಿಂದೀಚೆಗೆ ದಕ್ಷಿಣ ಕೊರಿಯಾದವರು ಉಳಿದ ಅಪೂರ್ವ ಮೀನುಗಳನ್ನು ಕಾಪಾಡಲು ಕೈಕೊಂಡ ಕ್ರಮಗಳೂ, ಅದರಲ್ಲಿ ಅವರು ಕಂಡ ಜಯಾಪಜಯಗಳೂ ಕೆರೆಕಾಲುವೆಗಳನ್ನು ನಂಬಿದ ಎಲ್ಲ ದೇಶದ ಗ್ರಾಮಸ್ಥರೂ ತಿಳಿಯತಕ್ಕವಾಗಿವೆ.

ಸೊಹೊ ಕೆರೆಯ ಮೀನು

ಸಿಯೋಲ್ ನಗರಕ್ಕೆ ದಕ್ಷಿಣದಲ್ಲಿ ಸುವೊನ್ ಎಂಬ ಪಟ್ಟಣವಿರುವುದು. ಅಲ್ಲಿ ಜೊಂಗ್ಜೊ ಎಂಬ ಅರಸನು ಕೋಟೆಯನ್ನು ಕಟ್ಟಿಸಿ, ಆ ಕೋಟೆಯ ವೆಚ್ಚಕ್ಕಾಗಿ ಬಿಟ್ಟ ಹೊಲಗದ್ದೆಗಳಿಗೆ ನೀರು ಸಾಲದೆ ಹೋಗಬಾರದೆಂದು ೧೭೯೯ರಲ್ಲಿ ಪಟ್ಟಣದ ಪಶ್ಚಿಮಕ್ಕೆ ಒಂದು ಕೆರೆಯನ್ನು ಕಟ್ಟಿಸಿದನು. ಇದಕ್ಕೆ ಸೊಹೊ, ಎಂದರೆ ಪಡುವಣ ಕೆರೆ, ಎಂದು ಹೆಸರು. ೧೯೦೬ರಲ್ಲಿ ಈ ಕೆರೆಯ ಸಮೀಪದಲ್ಲಿಯೇ ಮಾದರಿ ವ್ಯವಸಾಯಕ್ಷೇತ್ರವು ಸ್ಥಾಪಿತವಾಗಿ, ಮುಂದೆ ಬಹುಕಾಲದವರೆಗೆ ಆ ದೇಶದ ವ್ಯವಸಾಯ ಸಂಶೋಧನೆಗಳಿಗೆಲ್ಲಾ ಅದೇ ಕೇಂದ್ರವಾಗಿತ್ತು. ಎರಡು ಶತಮಾನಗಳಿಗೂ ಹೆಚ್ಚು ಕಾಲ ನಿಂತಿರುವ ಈ ಕೆರೆಯು ೨೦೧೬ರಲ್ಲಿ ಪ್ರಪಂಚದ ಪುರಾತನ ನೀರಾವರಿ ಕಟ್ಟಡಗಳ ಪಟ್ಟಿಯಲ್ಲಿ ಸೇರಿಸಲ್ಪಟ್ಟಿತು.

ಇದೇ ಕೆರೆಯಿಂದ ಹಿಡಿದ ಒಂದು ಸಣ್ಣ ಮೀನನ್ನು ಅಮೆರಿಕಾದ ಮತ್ಸ್ಯಶಾಸ್ತ್ರಜ್ಞರಾದ ಜೋರ್ಡನ್ ಮತ್ತು ಮೆಟ್ಜ್ ಎಂಬವರು ೧೯೧೩ರಲ್ಲಿ ಹೊಸ ಜಾತಿಯೆಂದು ವಿವರಿಸಿ ಪ್ರಕಟಿಸಿದರು. ಅದು ಬೆರಳುದ್ದವೂ ಇಲ್ಲದ, ಚಪ್ಪಟೆಯಾದ ಮೈಯುಳ್ಳ ಮೀನು. ಗದ್ದೆಯ ರೈತರು ಅದನ್ನು ಬೇರೆ ಸಣ್ಣ ಮೀನುಗಳಿಂದ ಬೇರ್ಪಡಿಸಿ ನೋಡಲು ಕಾರಣವಾವುದೂ ಇರಲಿಲ್ಲ. ೧೯೩೦ರ ದಶಕವು ಕಳೆದ ಮೇಲೆ ಅದು ಯಾರ ಬಲೆಗೂ ಬಿದ್ದಿಲ್ಲ. ಪಂಡಿತರು ಅದನ್ನು ನಾಶವಾದ ಜಾತಿಯೆಂದು ಎಣಿಸಿದ್ದಾರೆ. ಮೊದಲ ವಿವರಣೆಗೆ ಆಧಾರವಾದ ಮೀನು ಷಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಸೀಸೆಯೊಳಗೆ ಉಳಿದಿರುವುದು. ಕೆರೆ ಇದೆ, ಏರಿ ಇದೆ, ನೀರೂ ಇದೆ. ಆ ಕೆರೆಯ ಮೀನನ್ನು ಕಾಣಬೇಕಾದರೆ ಮಾತ್ರ ಸಮುದ್ರವನ್ನು ದಾಟಿ ಹೋಗಬೇಕಾಗಿದೆ.

ದೇಶವೂ ನದಿಗಳೂ

ಕೊರಿಯಾವು ಮೂರು ಕಡೆ ಸಮುದ್ರದಿಂದ ಸುತ್ತುವರಿದ ಬೆಟ್ಟಗುಡ್ಡಗಳ ದೇಶ. ಪೂರ್ವದ ಕರಾವಳಿಯನ್ನು ಅನುಸರಿಸಿ ಉತ್ತರ ದಕ್ಷಿಣವಾಗಿ ಹಬ್ಬಿರುವ ದೊಡ್ಡ ಪರ್ವತಶ್ರೇಣಿಯು ನೀರನ್ನು ಎರಡಾಗಿ ಹಂಚುವುದು. ಪೂರ್ವಕ್ಕೆ ಇಳಿಯುವ ಹೊಳೆಗಳು ಚಿಕ್ಕವೂ ಕಡಿದಾದವುಗಳೂ ಆಗಿವೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಹರಿಯುವ ಹಾನ್, ಗೂಮ್, ಯೊಂಗ್ಸಾನ್, ಸೊಮ್ಜಿನ್, ನಾಕ್ತೊಂಗ್ ಎಂಬ ನದಿಗಳು ದೊಡ್ಡವು; ಬತ್ತದ ಬಯಲುಗಳು ಬಹುಮಟ್ಟಿಗೆ ಇವುಗಳ ದಡದಲ್ಲಿಯೇ ಇವೆ. ವರ್ಷದ ಮಳೆಯು ಸುಮಾರು ೫೦ ಅಂಗುಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಸಿಗೆಯ ಮೂರು ತಿಂಗಳುಗಳಲ್ಲಿಯೇ ಸುರಿದುಹೋಗುವುದು. ಆದಕಾರಣ ಒಮ್ಮೆ ಹುಚ್ಚುಹೊಳೆ, ಮತ್ತೊಮ್ಮೆ ಮರಳಿನ ಮೇಲೆ ಹರಿಯುವ ಕಾಲುದ್ದದ ನೀರು, ಇದೇ ಆ ನದಿಗಳ ಸ್ವಭಾವವಾಗಿದೆ.

ಒಂದು ನದಿಗೂ ಮತ್ತೊಂದಕ್ಕೂ ಮಧ್ಯೆ ಬೆಟ್ಟವೂ ಕಡಲೂ ಅಡ್ಡವಾಗಿರುವುದರಿಂದ, ಒಂದರ ಮೀನು ಮತ್ತೊಂದಕ್ಕೆ ಹೋಗಲಾರದೆ ಎಷ್ಟೋ ಸಾವಿರ ವರ್ಷಗಳು ತನ್ನ ನದಿಯಲ್ಲಿಯೇ ಬೆಳೆದು ಪ್ರತ್ಯೇಕ ಜಾತಿಯಾಗಿ ಏರ್ಪಟ್ಟಿರುವುದು. ಕೊರಿಯಾದ ಸಿಹಿನೀರಿನ ಮೀನುಗಳು ೨೦೦ಕ್ಕೂ ಹೆಚ್ಚು ಬಗೆಯವು. ಅವುಗಳಲ್ಲಿ ಸುಮಾರು ೬೦ ಜಾತಿಗಳು ಆ ದೇಶವನ್ನು ಬಿಟ್ಟರೆ ಮತ್ತೆಲ್ಲಿಯೂ ದೊರೆಯವು. ಕೆಲವಂತೂ ಒಂದೇ ನದಿಗೆ, ಒಂದೆರಡು ಹಳ್ಳಗಳಿಗೆ ಸೇರಿದವು. ಇಂತಹ ಜಾತಿಯು ತನ್ನ ಹಳ್ಳದಲ್ಲಿ ಅಳಿದರೆ, ಬೇರೆ ಕಡೆಯಿಂದ ತಂದು ತುಂಬಿಕೊಳ್ಳುವ ಆಶೆಯೇ ಇರುವುದಿಲ್ಲ. ಬೀಜದ ಕಣಜ ಒಂದೇ ಇದ್ದು, ಅದಕ್ಕೆ ಹುಳು ಬಿದ್ದಂತೆಯೇ ಸರಿ.

ಈ ಮೀನುಗಳ ಪರಿಚಯವು ಆ ದೇಶಕ್ಕೆ ಹೊಸತಲ್ಲ. ವ್ಯವಸಾಯವೇ ಮೊದಲಾದ ಗ್ರಾಮಜೀವನದ ವಿಷಯಗಳನ್ನು ಕುರಿತು ಮಹಾಗ್ರಂಥವನ್ನು ಬರೆದ ಸೊ ಯುಗು (೧೭೬೪-೧೮೪೫) ಎಂಬ ವಿದ್ವಾಂಸನು ಮೀನುಗಳನ್ನು ಕುರಿತೂ ಒಂದು ಗ್ರಂಥವನ್ನು ರಚಿಸಿದನು. ಜಪಾನೀಯರ ಆಳಿಕೆಯಲ್ಲಿ ಮೋರಿ ಎಂಬ ಪ್ರಾಣಿಶಾಸ್ತ್ರಜ್ಞನು ೧೯೩೫-೩೬ರ ಸುಮಾರಿನಲ್ಲಿ ಹಲವು ಜಾತಿಗಳನ್ನು ವಿವರಿಸಿದನು. ಅನಂತರ ಪ್ರೊಫೆಸರ್ ಚೊಯ್ ಕಿಚೊಲ್ (೧೯೧೦-೨೦೦೨) ಎಂಬವರು ಊರೂರಿನ ಹಳ್ಳಗಳನ್ನು ಶೋಧಿಸಿ, ಮೀನುಗಳಿಗೆ ಹಳ್ಳಿಗರು ಇಟ್ಟ ಹೆಸರುಗಳನ್ನೂ ಸಂಗ್ರಹಿಸಿದರು.

ಕೆಲವು ಮೀನುಗಳ ವಿವರ

(೧) ಒರುಮ್ಚಿ.—ಇದು ಹಾನ್ ಮತ್ತು ಗೂಮ್ ನದಿಗಳ ತಿಳಿನೀರಿನ ಮೀನು. ವಸಂತಕಾಲದಲ್ಲಿ ಹೆಣ್ಣು ಮೀನು ನದಿಯ ತಳದಲ್ಲಿ ಕುಣಿ ಮಾಡಿ ಮೊಟ್ಟೆಯಿಟ್ಟ ಮೇಲೆ, ಬಾಯಿಂದ ಜಲ್ಲಿಕಲ್ಲುಗಳನ್ನು ಒಂದೊಂದಾಗಿ ಕಚ್ಚಿ ತಂದು ಅದರ ಮೇಲೆ ಗುಪ್ಪೆಯನ್ನು ಹಾಕುವುದು. ಗುಪ್ಪೆಯು ಆಳವಾದ ನಡುಹೊಳೆಯಲ್ಲಿದ್ದರೆ ಆ ವರ್ಷ ಮಳೆ ಕಡಮೆಯೆಂದೂ, ದಡದ ಸಮೀಪದಲ್ಲಿ ಆಳವಿಲ್ಲದೆಡೆ ಇದ್ದರೆ ಮಳೆ ಹೆಚ್ಚೆಂದೂ ಅಲ್ಲಿನ ರೈತರು ಹಿಂದಿನಿಂದ ನಂಬಿಕೊಂಡು ಬಂದಿದ್ದಾರೆ. ನಂಬಿಕೆಯ ನಿಜವು ಹೇಗಾದರೂ ಇರಲಿ. ನೀರು ತಿಳಿಯಾಗಿ, ಮೀನು ಹೇರಳವಾಗಿದ್ದ ಕಾಲದಲ್ಲಿ ಹಳ್ಳಿಗನು ಹೊಳೆಯ ತಳವನ್ನು ಎಷ್ಟು ಚೆನ್ನಾಗಿ ನೋಡುತ್ತಿದ್ದನೆಂಬುದಕ್ಕೆ ಇದೇ ಸಾಕ್ಷಿ.

(೨) ಮಿಹೊ ಜೊಂಗ್ಗೆ.—ಇದು ಸುಮಾರು ನಾಲ್ಕು ಅಂಗುಲದ, ಹಾವಿನಂತೆ ನೀಳವಾದ, ಬದಿಯಲ್ಲಿ ಮಚ್ಚೆಗಳ ಸಾಲುಳ್ಳ ಮೀನು. ಗೂಮ್ ನದಿಯ ಉಪನದಿಯಾದ ಮಿಹೊ ಎಂಬುದರಲ್ಲಿ ದೊರೆತ ಇದನ್ನು ೧೯೮೪ರಲ್ಲಿ ಕಿಮ್ ಇಕ್ಸು ಮತ್ತು ಸೊನ್ ಯೊಂಗ್ಮೊಕ್ ಎಂಬ ಪಂಡಿತರು ಹೊಸ ಜಾತಿಯೆಂದು ಪ್ರಕಟಿಸಿ, ಮೇಲೆ ಹೇಳಿದ ಚೊಯ್ ಅವರ ಹೆಸರನ್ನೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು. ಗೂಮ್ ನದಿಯ ವ್ಯಾಪ್ತಿಯನ್ನು ಬಿಟ್ಟರೆ ಇದು ಬೇರೆಲ್ಲಿಯೂ ಇಲ್ಲ. ಆಳವಿಲ್ಲದ ನಿಧಾನವಾದ ನೀರಿನಲ್ಲಿ, ನುಣುಪಾದ ಸಣ್ಣ ಮರಳಿನೊಳಗೆ ಮೈಯನ್ನು ಹುದುಗಿಸಿಕೊಂಡು ಇರುವುದೇ ಇದರ ಬಾಳು. ಮರಳು ದಪ್ಪವಾದರೂ, ಮರಳಿನ ಮೇಲೆ ಕೆಸರು ಕುಳಿತರೂ ಇದು ನಿಲ್ಲಲಾರದು.

(೩) ಹಿನ್‌ಸುಮಾಜಾ.—ಇದೂ ಮರಳಿನ ಮೀನೇ. ಬಾಯಿಯ ಸುತ್ತ ಬಿಳಿಯ ಮೀಸೆಗಳುಳ್ಳದ್ದು. ನಾಕ್ತೊಂಗ್ ನದಿಯಲ್ಲಿಯೂ, ಮುಖ್ಯವಾಗಿ ಅದರ ಉಪನದಿಯಾದ ನೆಸೊಂಗ್ ಎಂಬ ಮರಳುಹೊಳೆಯಲ್ಲಿಯೂ, ಗೂಮ್ ನದಿಯಲ್ಲಿಯೂ ಇರುವುದು.

(೪) ಗಾಮ್‌ದೊಲ್‌ಗೊಗಿ.—ಇದರ ನಡತೆ ವಿಚಿತ್ರವಾದುದು. ಕೊಕ್ಚಿ ಎಂಬ ಮತ್ತೊಂದು ಮೀನಿನ ಗಂಡು, ಕಲ್ಲಿಗೆ ಅಂಟಿಸಿದ ತನ್ನ ಮೊಟ್ಟೆಗಳನ್ನು ಬಿಡದೆ ಕಾಯುತ್ತಿರುವುದು. ಗಾಮ್‌ದೊಲ್‌ಗೊಗಿಗಳು ಗುಂಪಾಗಿ ನುಗ್ಗಿ, ಆ ಗೂಡಿನಲ್ಲಿಯೇ ತಮ್ಮ ಮೊಟ್ಟೆಗಳನ್ನೂ ಇಟ್ಟು ಹೊರಟುಹೋಗುವುವು. ಕಾಗೆಯು ಕೋಗಿಲೆಯ ಮರಿಗಳನ್ನು ಸಾಕುವಂತೆ ಕೊಕ್ಚಿಯು ಎರಡು ಬಗೆಯ ಮೊಟ್ಟೆಗಳನ್ನೂ ಕಾಯುವುದು. ಆದುದರಿಂದ ಕೊಕ್ಚಿ ಇಲ್ಲದ ಹೊಳೆಯಲ್ಲಿ ಗಾಮ್‌ದೊಲ್‌ಗೊಗಿಯನ್ನು ಮಾತ್ರ ತಂದುಬಿಟ್ಟು ಉಳಿಸುತ್ತೇವೆಂಬುದು ಸುಲಭವಾದ ಮಾತಲ್ಲ.

(೫) ಚಿಪ್ಪಿನಲ್ಲಿ ಮೊಟ್ಟೆಯಿಡುವ ಮೀನುಗಳು.—ಸೊಹೊ ಕೆರೆಯ ಮೀನೂ ಈ ವರ್ಗಕ್ಕೆ ಸೇರಿದ್ದು. ಸೊಮ್ಜಿನ್ ನದಿಯ ಕಡೆಯ ಇಮ್ಸಿಲ್ ಪ್ರಾಂತದ ಹೆಸರುಳ್ಳ ಒಂದು ಜಾತಿಯೂ, ಹಾನ್ ನದಿಯ ಒಂದೆರಡು ಜಾತಿಗಳೂ ಈಗ ಅಪೂರ್ವವಾಗಿವೆ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮೀನಿನ ಹೊಟ್ಟೆಯ ಕೆಳಗೆ ನೀಳವಾದ ಕೊಳವೆಯು ಬೆಳೆಯುವುದು. ಅದನ್ನು ಜೀವಂತವಾದ ಕಪ್ಪೆಚಿಪ್ಪಿನೊಳಕ್ಕೆ ತೂರಿಸಿ, ಅದರ ಕಿವಿರುಗಳ ಮಧ್ಯೆ ಮೊಟ್ಟೆಗಳನ್ನು ಇಡುವುದು. ಮರಿಗಳು ಅಲ್ಲಿಯೇ ರಕ್ಷಿತವಾಗಿ ಬೆಳೆದು ಹೊರಬರುವುವು. ಚಿಪ್ಪಿನ ಪ್ರಾಣಿಯ ಅತಿಸೂಕ್ಷ್ಮವಾದ ಮರಿಗಳಾದರೋ ಮೀನುಗಳ ರೆಕ್ಕೆ ಕಿವಿರುಗಳಿಗೆ ಅಂಟಿಕೊಂಡು ಕೆಲವು ಕಾಲ ಸಾಗಿ ದೂರದೂರ ಹರಡುವುವು. ಒಂದಿಲ್ಲದೆ ಮತ್ತೊಂದರ ಸಂತಾನವು ನಡೆಯದು. ಕೆರೆಯನ್ನು ತಳದ ಕೆಸರು ಒಡೆಯುವವರೆಗೆ ಒಣಗಿಸಿ ಹೂಳೆತ್ತಿದರೆ ಚಿಪ್ಪುಗಳು ಸಾಯುವುವು. ಮುಂದಿನ ವರ್ಷ ಕೆರೆ ತುಂಬಿದರೂ ಈ ಮೀನು ಮೊಟ್ಟೆಯಿಡಲು ಸ್ಥಳವಿಲ್ಲದೆ ನಿಸ್ಸಂತಾನವಾಗುವುದು.

ಹಾನಿಗೆ ಕಾರಣಗಳು

ಮೊದಲನೆಯದಾಗಿ, ಹರಿಯುವ ನೀರನ್ನು ತಡೆದುದು. ದಕ್ಷಿಣ ಕೊರಿಯಾದಲ್ಲಿ ಬೇಸಾಯದ ಕೆರೆಗಳೇ ಸುಮಾರು ೧೭,೦೦೦ ಇವೆ. ಹೊಳೆಹಳ್ಳಗಳಿಗೆ ಹಾಕಿದ ಅಣೆಗಳು ೩೦,೦೦೦ಕ್ಕೂ ಹೆಚ್ಚು. ಇವುಗಳಿಂದ ದೇಶಕ್ಕೆ ಅನ್ನವು ದೊರೆತಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಣೆಯ ಹಿಂದೆ ನೀರು ನಿಂತೆಡೆಯಲ್ಲಿ ಕೆಸರು ಕೂರುವುದು; ಮೀನು ಮೇಲಕ್ಕೂ ಕೆಳಕ್ಕೂ ಓಡಾಡುವುದು ನಿಲ್ಲುವುದು. ೨೦೦೯ರಿಂದ ೨೦೧೨ರವರೆಗೆ ನಾಲ್ಕು ಮಹಾನದಿಗಳ ಕಾಮಗಾರಿ ಎಂಬ ಹೆಸರಿನಲ್ಲಿ ಹಾನ್, ಗೂಮ್, ಯೊಂಗ್ಸಾನ್, ನಾಕ್ತೊಂಗ್ ನದಿಗಳ ಮರಳನ್ನು ತೋಡಿ ತೆಗೆದು, ಅಡ್ಡಲಾಗಿ ೧೬ ದೊಡ್ಡ ಅಣೆಗಳನ್ನು ಕಟ್ಟಲಾಯಿತು. ಮರಳಿನ ಮೀನುಗಳಿಗೆ ಇದರಿಂದ ನೆಲೆಯೇ ತಪ್ಪಿತು. ನೆಸೊಂಗ್ ಹೊಳೆಗೆ ೨೦೧೬ರಲ್ಲಿ ಯೊಂಗ್ಜು ಅಣೆಕಟ್ಟು ಮುಗಿದ ಮೇಲೆ, ಸಣ್ಣ ಮರಳು ಕೆಳಕ್ಕೆ ಹರಿದುಬರುವುದು ನಿಂತು, ಉಳಿದ ಮರಳು ದಪ್ಪವಾಗಿ, ಅದರ ಮೇಲೆ ಹುಲ್ಲು ಪೊದೆಗಳು ಬೆಳೆದುವು. ಹಿನ್‌ಸುಮಾಜಾ ಮೀನು ಅಲ್ಲಿ ವಿರಳವಾಯಿತು. ಪಶ್ಚಿಮ ಕರಾವಳಿಯ ಉಂಗ್‌ಚೊನ್ ಎಂಬ ಹೊಳೆಯಲ್ಲಿದ್ದ ಗಾಮ್‌ದೊಲ್‌ಗೊಗಿಯು ಅಲ್ಲಿ ಅಣೆಕಟ್ಟು ಆದ ಮೇಲೆ ಕಾಣದಾಯಿತು.

ಎರಡನೆಯದಾಗಿ, ಮರಳನ್ನು ಸಾಗಿಸಿದುದು. ಪಟ್ಟಣಗಳು ಬೆಳೆದಂತೆ ಕಟ್ಟಡಗಳಿಗಾಗಿ ಹೊಳೆಯ ಮರಳನ್ನು ಅಗೆದು ಒಯ್ದುದರಿಂದ, ಮಿಹೊ ಜೊಂಗ್ಗೆಯಂತಹ ಮೀನುಗಳ ಮನೆಯನ್ನೇ ಹೊತ್ತುಕೊಂಡು ಹೋದಂತಾಯಿತು. ಕಾರ್ಖಾನೆಗಳ ಮತ್ತು ದನ ಹಂದಿಗಳ ಕೊಟ್ಟಿಗೆಗಳ ಕೊಳೆನೀರೂ ಹೊಳೆಗೆ ಸೇರಿ ಉಳಿದ ಮರಳನ್ನು ಕೆಡಿಸಿತು.

ಮೂರನೆಯದಾಗಿ, ಹೊರಗಿನ ಮೀನುಗಳನ್ನು ತಂದುದು. ಜನರ ಆಹಾರವು ಹೆಚ್ಚಲೆಂಬ ಒಳ್ಳೆಯ ಉದ್ದೇಶದಿಂದಲೇ ೧೯೬೯ರಲ್ಲಿ ಜಪಾನಿನಿಂದ ಬ್ಲೂಗಿಲ್ ಎಂಬ ಮೀನನ್ನೂ, ೧೯೭೩ರಲ್ಲಿ ಅಮೆರಿಕಾದಿಂದ ಬಾಸ್ ಎಂಬ ಮೀನನ್ನೂ ತರಿಸಿದರು. ಜನರು ಅವುಗಳನ್ನು ಇಷ್ಟಪಟ್ಟು ತಿನ್ನಲಿಲ್ಲ. ಅವು ಮಾತ್ರ ನಾಡಿನ ಮೀನುಗಳ ಮೊಟ್ಟೆಮರಿಗಳನ್ನು ಇಷ್ಟಪಟ್ಟು ತಿಂದುವು. ೧೯೯೮ರಲ್ಲಿ ಸರ್ಕಾರವು ಇವೆರಡನ್ನೂ ಹಾನಿಕರವಾದ ಪ್ರಾಣಿಗಳೆಂದು ಸಾರಬೇಕಾಯಿತು. ಹೊರದೇಶದ ಮೀನೇ ಆಗಬೇಕೆಂದಿಲ್ಲ. ಒಂದು ನದಿಯ ಮೀನನ್ನು ಮತ್ತೊಂದಕ್ಕೆ ಒಯ್ದರೂ ಕೇಡೇ. ಕುರಿ ಎಂಬ ಹೆಸರಿನ ಬೇಟೆಯ ಮೀನು ಪಶ್ಚಿಮದ ನದಿಗಳಿಗೆ ಸೇರಿದ್ದು. ಅದು ಮನುಷ್ಯರ ಕೈಯಿಂದ ನಾಕ್ತೊಂಗ್ ನದಿಯನ್ನು ಸೇರಿ ಅಲ್ಲಿನ ಸಣ್ಣ ಮೀನುಗಳಿಗೆ ಹೊಸ ಶತ್ರುವಾಯಿತು.

ಸರ್ಕಾರದ ಕ್ರಮಗಳು

ದಕ್ಷಿಣ ಕೊರಿಯಾದಲ್ಲಿ ಅಪೂರ್ವವಾದ ಪ್ರಾಣಿ, ವೃಕ್ಷ, ಬಂಡೆ ಮುಂತಾದುವನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕಗಳೆಂದು ಸಾರುವ ಪದ್ಧತಿಯುಂಟು. ತಣ್ಣೀರಿನಲ್ಲಿ ವಾಸಿಸುವ ಯೊಲ್ಮೊಗೊ ಎಂಬ ಮೀನಿನ ಎರಡು ನೆಲೆಗಳು ೧೯೬೨ರಲ್ಲಿಯೂ, ಹಾನ್ ನದಿಯ ಹೊಂಬಣ್ಣದ ಸ್ಸೊಗಾರಿ ಮೀನು ೧೯೬೭ರಲ್ಲಿಯೂ, ಒರುಮ್ಚಿ ಜಾತಿಯು ೧೯೭೮ರಲ್ಲಿಯೂ, ಮಿಹೊ ಜೊಂಗ್ಗೆ ಹಾಗೂ ನಾಕ್ತೊಂಗ್ ನದಿಯ ಕೊಚಿದೊಂಗ್ಜಗೆ ಎಂಬ ಸಣ್ಣ ಮೀಸೆಮೀನು ೨೦೦೫ರಲ್ಲಿಯೂ ಈ ಪಟ್ಟಿಗೆ ಸೇರಿದುವು. ಇದಲ್ಲದೆ, ನಾಶದ ಅಂಚಿನಲ್ಲಿರುವ ಪ್ರಾಣಿಗಳನ್ನು ಎರಡು ದರ್ಜೆಗಳಾಗಿ ವಿಂಗಡಿಸಿರುವರು. ೨೦೨೨ರ ಪಟ್ಟಿಯಲ್ಲಿ ಮೊದಲ ದರ್ಜೆಯಲ್ಲಿ ೧೧ ಜಾತಿಯ ಮೀನುಗಳೂ, ಎರಡನೆಯದರಲ್ಲಿ ೧೮ ಜಾತಿಗಳೂ ಇದ್ದುವು. ಮೊದಲ ದರ್ಜೆಯ ಮೀನನ್ನು ಹಿಡಿದವರಿಗೆ ಐದು ವರ್ಷಗಳವರೆಗೆ ಕಾರಾಗೃಹವಾಸವನ್ನಾಗಲಿ, ಭಾರಿಯಾದ ಜುಲ್ಮಾನೆಯನ್ನಾಗಲಿ ವಿಧಿಸಲು ಶಾಸನದಲ್ಲಿ ಅವಕಾಶವಿದೆ. ೨೦೧೮ರಲ್ಲಿ ಯೊಂಗ್ಯಾಂಗ್ ಎಂಬ ಬೆಟ್ಟದ ಸೀಮೆಯಲ್ಲಿ ಇಂತಹ ಪ್ರಾಣಿಗಳ ಸಂತಾನವನ್ನು ವೃದ್ಧಿಪಡಿಸುವ ಕೇಂದ್ರವು ಸ್ಥಾಪಿತವಾಯಿತು.

ಆದರೆ ಶಾಸನ ಮಾತ್ರದಿಂದ ಮೀನು ಉಳಿಯುವುದಿಲ್ಲವೆಂಬುದನ್ನು ಒರುಮ್ಚಿಯ ಚರಿತ್ರೆಯೇ ತೋರಿಸುವುದು. ಗೂಮ್ ನದಿಯಲ್ಲಿ ಅದರ ನೆಲೆಯನ್ನು ೧೯೭೨ರಲ್ಲಿಯೇ ಸ್ಮಾರಕವೆಂದು ಸಾರಿದ್ದರು. ಹಲಗೆಯು ದಡದಲ್ಲಿ ನಿಂತಿತ್ತೇ ಹೊರತು, ನೀರಿನಲ್ಲಿದ್ದ ಮೀನು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆ ನದಿಯಿಂದಲೇ ಮರೆಯಾಯಿತು. ಅದೃಷ್ಟವಶಾತ್ ಹಾನ್ ನದಿಯಲ್ಲಿ ಅದರ ಸಂತಾನವು ಉಳಿದಿದ್ದುದರಿಂದ, ಸುಮಾರು ೨೦೦೦ದಿಂದೀಚೆಗೆ ಮರಿಗಳನ್ನು ಮಾಡಿಸಿ ಗೂಮ್ ನದಿಯ ಮೇಲುಭಾಗದಲ್ಲಿ ಬಿಡುತ್ತಾ ಬಂದು, ಅದು ಅಲ್ಲಿ ಮತ್ತೆ ಗುಪ್ಪೆ ಹಾಕುವಂತಾಗಿದೆ. ಮಿಹೊ ಜೊಂಗ್ಗೆ, ಹಿನ್‌ಸುಮಾಜಾ, ಗಾಮ್‌ದೊಲ್‌ಗೊಗಿ ಇವುಗಳ ಮರಿಗಳನ್ನೂ ಹೀಗೆಯೇ ಬೆಳೆಸಿ ಅವುಗಳ ಹಳೆಯ ಹೊಳೆಗಳಿಗೆ ಬಿಟ್ಟಿರುವರು. ಆದರೆ ನೆಲೆಯು ಕೆಟ್ಟಿರುವಾಗ ಮರಿಗಳನ್ನು ಬಿಡುವುದು, ಉಳದ ನೆಲದಲ್ಲಿ ಬೀಜವನ್ನು ಎರಚಿದಂತೆ ಎಂಬುದನ್ನು ಅಲ್ಲಿಯ ಅನುಭವಸ್ಥರು ಬಲ್ಲರು.

ಬಾಗಿಲು ತೆರೆದ ಅಣೆ

ನೆಲೆಯು ಸರಿಹೋದರೆ ಮೀನು ತಾನಾಗಿಯೇ ಬರುವುದೆಂಬುದಕ್ಕೆ ಗೂಮ್ ನದಿಯಲ್ಲಿಯೇ ದೃಷ್ಟಾಂತವಿದೆ. ಮೇಲೆ ಹೇಳಿದ ೧೬ ಅಣೆಗಳಲ್ಲಿ ಸೆಜೊಂಗ್ ಅಣೆಯೂ ಒಂದು. ಅದು ಆದ ಮೇಲೆ ನದಿಯ ಆ ಭಾಗದಲ್ಲಿ ಹಿನ್‌ಸುಮಾಜಾ ಮೀನು ಕಾಣುವುದು ನಿಂತಿತ್ತು. ೨೦೧೭ರ ಕೊನೆಯಲ್ಲಿ ಅಣೆಯ ಬಾಗಿಲುಗಳನ್ನು ತೆರೆಯಲಾರಂಭಿಸಿ, ೨೦೧೮ರ ಮೊದಲಲ್ಲಿ ಪೂರ್ತಿಯಾಗಿ ತೆರೆದುಬಿಟ್ಟರು. ನಿಂತ ನೀರು ಹರಿಯಿತು. ಕೆಸರು ತೊಳೆದುಹೋಗಿ ಮರಳಿನ ದಿಬ್ಬಗಳು ಮತ್ತೆ ಎದ್ದುವು. ೨೦೧೯ರ ಏಪ್ರಿಲ್ ತಿಂಗಳಲ್ಲಿ ಅಣೆಯ ಕೆಳಗಡೆ ಹಿನ್‌ಸುಮಾಜಾ ಮೀನು ಪುನಃ ದೊರೆತ ಸಂಗತಿಯು ಪ್ರಕಟವಾಯಿತು.

ಇಲ್ಲಿಗೆ ವಿಷಯವು ಮುಗಿಯಿತೆಂದು ಹೇಳುವಂತಿಲ್ಲ. ಅಣೆಗಳನ್ನು ತೆರೆದರೆ, ಇಲ್ಲವೆ ಒಡೆದರೆ, ಬಾವಿಗಳ ನೀರು ಇಳಿದು ಬೇಸಾಯಕ್ಕೆ ತೊಂದರೆಯಾಗುವುದೆಂದು ಅದೇ ನದಿಯ ಗೊಂಗ್ಜು ಅಣೆಯ ಸಮೀಪದ ರೈತರು ೨೦೧೯ರಲ್ಲಿ ಬಲವಾಗಿ ವಿರೋಧಿಸಿದರು. ಸೆಜೊಂಗ್ ಅಣೆಯನ್ನು ಕಿತ್ತುಹಾಕಬೇಕೆಂದು ೨೦೨೧ರಲ್ಲಿ ಆದ ತೀರ್ಮಾನವು ೨೦೨೩ರಲ್ಲಿ ರದ್ದಾಗಿ, ಅದನ್ನು ದುರಸ್ತು ಮಾಡಿ ಮತ್ತೆ ನೀರು ನಿಲ್ಲಿಸುವ ಯೋಜನೆಯು ಹೊರಟಿತು. ಅದನ್ನು ವಿರೋಧಿಸಿದವರು ೨೦೨೪ರಲ್ಲಿ ನದಿಯ ದಡದಲ್ಲಿಯೇ ಡೇರೆ ಹಾಕಿ ಕುಳಿತರು. ಇತ್ತ ಮಿಹೊ ಜೊಂಗ್ಗೆಯ ನೆಲೆಗಳಲ್ಲೊಂದಾದ ಜಿಂಚೊನ್ ಸೀಮೆಯ ಬೆಗ್ಗೊಕ್ ಹಳ್ಳದಲ್ಲಿಯೂ ಇದೇ ಬಗೆಯ ವ್ಯಾಜ್ಯ ನಡೆಯಿತು. ಅಲ್ಲಿಯ ಬೇಸಾಯದ ಕೆರೆಯ ಏರಿಯನ್ನು ಎತ್ತರಿಸಿದರೆ ರೈತರಿಗೆ ನೀರು ಹೆಚ್ಚುವುದು. ಆದರೆ ಹಿನ್ನೀರು ಮೇಲಕ್ಕೆ ಏರಿ ಮೀನಿನ ಮರಳುನೆಲವನ್ನು ಮುಳುಗಿಸುವುದು.

ಇನ್ನೂ ಕಠಿನವಾದ ಪ್ರಶ್ನೆಯು ೨೦೨೩ರ ಜುಲೈ ೧೫ರಂದು ಎದುರಾಯಿತು. ಅಂದು ಮಿಹೊ ನದಿಯು ಪ್ರವಾಹದಿಂದ ಉಕ್ಕಿ, ಸೇತುವೆಯ ಕೆಲಸದೆಡೆಯಲ್ಲಿ ತಾತ್ಕಾಲಿಕವಾಗಿ ಹಾಕಿದ್ದ ಏರಿ ಒಡೆದು, ನೀರು ಓಸೊಂಗ್ ಎಂಬಲ್ಲಿಯ ನೆಲಮಾಳಿಗೆಯ ರಸ್ತೆಗೆ ನುಗ್ಗಿ ೧೪ ಜನರು ಪ್ರಾಣ ಕಳೆದುಕೊಂಡರು. ನದಿಯ ಮರಳನ್ನು ತೋಡಿ ಪಾತ್ರವನ್ನು ಆಳ ಮಾಡಬೇಕೆಂಬ ಕೂಗು ಸಹಜವಾಗಿ ಎದ್ದಿತು. ಮನುಷ್ಯನ ಪ್ರಾಣಕ್ಕಿಂತ ಮೀನು ಹೆಚ್ಚೆಂದು ಯಾವ ವಿವೇಕಿಯೂ ಹೇಳನು. ಆದರೆ ಅಂದು ಒಡೆದುದು ಏರಿ. ಏರಿಯ ದೋಷವನ್ನು ಹೊಳೆಯ ಮರಳಿನ ಮೇಲೆ ಹೊರಿಸಿ, ನದಿಯುದ್ದಕ್ಕೂ ತೋಡಿಬಿಟ್ಟರೆ ಜನರಿಗೆ ಎಷ್ಟು ರಕ್ಷಣೆ ದೊರೆಯುವುದೆಂಬುದನ್ನು ಸ್ಥಳಸ್ಥಳದಲ್ಲಿಯೂ ಅಳೆದು ನೋಡಬೇಕು. ಎಲ್ಲಿ ಅವಶ್ಯವೋ ಅಲ್ಲಿ ಅವಶ್ಯವಾದಷ್ಟು ಮಾತ್ರ ತೆಗೆದು, ಮೀನಿನ ಮುಖ್ಯ ನೆಲೆಗಳನ್ನು ಬಿಟ್ಟು ಕೆಲಸ ಮಾಡಲು ಅಡ್ಡಿಯಿಲ್ಲ. ಒಂದೇ ಸಲ ಎಲ್ಲವನ್ನೂ ಬಳಿದು ಹಾಕುವುದು ಸುಲಭವಾಗಿ ಕಾಣುವುದಾದರೂ, ಅದನ್ನು ಪುನಃ ಸರಿಪಡಿಸುವುದು ಸಾಧ್ಯವಲ್ಲ.

ಗ್ರಾಮಸ್ಥರ ಕೈಯಲ್ಲಿರುವ ಉಪಾಯಗಳು

ಕೊರಿಯಾದ ಅನುಭವದಿಂದ ಈ ಕೆಳಗಿನ ಉಪಾಯಗಳು ಸಾಮಾನ್ಯವಾಗಿ ಎಲ್ಲ ಕಡೆಗೂ ಅನ್ವಯಿಸತಕ್ಕವಾಗಿವೆ. ಇವುಗಳಿಗೆ ಹೆಚ್ಚು ಹಣವು ಬೇಕಾಗಿಲ್ಲ. ಗ್ರಾಮದ ಮುಖಂಡರ ಎಚ್ಚರಿಕೆಯು ಬೇಕು.

೧. ಕೆರೆಯ ಹೂಳನ್ನು ಎತ್ತುವಾಗ ಇಡೀ ಕೆರೆಯನ್ನು ಒಂದೇ ವರ್ಷ ಬತ್ತಿಸದೆ, ಭಾಗಭಾಗವಾಗಿ ಕೆಲಸ ಮಾಡಿ, ಒಂದು ಮಡುವಿನಲ್ಲಿ ನೀರನ್ನು ಉಳಿಸಬೇಕು. ಹೂಳಿನೊಡನೆ ಬಂದ ಜೀವಂತವಾದ ಚಿಪ್ಪುಗಳನ್ನು ಆರಿಸಿ ಆ ಮಡುವಿಗೆ ಹಾಕಿಸಬೇಕು.

೨. ಅಣೆಯನ್ನು ಹೊಸದಾಗಿ ಕಟ್ಟುವಾಗಲೂ ದುರಸ್ತು ಮಾಡುವಾಗಲೂ ಒಂದು ಬದಿಯಲ್ಲಿ ಇಳಿಜಾರಾದ ಕಲ್ಲುಹಾಸಿನ ದಾರಿಯನ್ನು ಬಿಟ್ಟರೆ ಮೀನುಗಳು ಹತ್ತಿ ಇಳಿಯುವುವು. ಬೆಳೆಗೆ ನೀರು ಬೇಡವಾದ ಕಾಲದಲ್ಲಿ ಬಾಗಿಲನ್ನು ತೆರೆದಿಟ್ಟರೆ ಕೆಸರೂ ತೊಳೆದುಹೋಗುವುದು.

೩. ಗದ್ದೆಯ ಮಗ್ಗುಲಿನ ಕುಂಟೆಗಳನ್ನು ಮುಚ್ಚಬಾರದು. ಕೊರಿಯಾದ ರೈತರು ದುಂಬೊಂಗ್ ಎಂದು ಕರೆಯುವ ಇಂತಹ ಕುಂಟೆಗಳು ಹಿಂದೆ ಎಲ್ಲ ಕಡೆಯೂ ಇದ್ದುವು. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಮೀನುಗಳಿಗೆ ಅದೇ ಆಶ್ರಯ. ಸುಗ್ಗಿಯ ಕಾಲದಲ್ಲಿ ಅಲ್ಲಿಯ ಕೆಸರುಮೀನಿನ ಸಾರು ರೈತರಿಗೆ ಪ್ರಿಯವಾದ ಊಟ. ಕೊಳವೆಗಳಿಂದ ನೀರು ಬಂದ ಮೇಲೆ ಬಹಳ ಕುಂಟೆಗಳು ಮುಚ್ಚಿಹೋದುವು. ದಕ್ಷಿಣದ ಕರಾವಳಿಯ ಗೊಸೊಂಗ್ ಸೀಮೆಯವರು ಉಳಿಸಿಕೊಂಡು ಬಂದ ಕುಂಟೆಗಳನ್ನು ಸರ್ಕಾರವು ೨೦೧೯ರಲ್ಲಿ ದೇಶದ ವ್ಯವಸಾಯದ ಹಿರಿಯ ಆಸ್ತಿಯೆಂದು ಗೌರವಿಸಿತು.

೪. ಯಾವ ನೀರಿಗೂ ಅಲ್ಲಿನದಲ್ಲದ ಮೀನನ್ನು ಬಿಡಬಾರದು. ಲಾಭದ ಆಶೆಯಿಂದಾಗಲಿ, ಪುಣ್ಯವೆಂದಾಗಲಿ, ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾಯಿತೆಂದಾಗಲಿ ಬಿಟ್ಟ ಮೀನನ್ನು ಮತ್ತೆ ಹಿಡಿದು ಪೂರೈಸುವುದು ಯಾವ ಸರ್ಕಾರದಿಂದಲೂ ಆಗದು.

೫. ಮರಳು ತೆಗೆಯಲು ಅಪ್ಪಣೆ ಕೊಡುವಾಗ ಮೀನು ಮೊಟ್ಟೆಯಿಡುವ ಕಾಲವನ್ನೂ ಸ್ಥಳವನ್ನೂ ಬಿಡಬೇಕು. ಹೊಳೆಗೆ ವಿಷ ಹಾಕುವುದನ್ನೂ, ಸಿಡಿಮದ್ದು ಹಾರಿಸುವುದನ್ನೂ ಗ್ರಾಮದವರೇ ತಡೆಯಬೇಕು.

೬. ಊರಿನ ಹಿರಿಯ ಬೆಸ್ತರನ್ನೂ ರೈತರನ್ನೂ ಕೇಳಿ, ಹಿಂದೆ ಕೆರೆ ಹೊಳೆಗಳಲ್ಲಿದ್ದ ಮೀನುಗಳ ಹೆಸರುಗಳನ್ನು ಬರೆದಿಡಬೇಕು. ಹೆಸರೇ ಮರೆತುಹೋದ ಮೀನು ಇಲ್ಲವಾದರೆ ಅದನ್ನು ಹುಡುಕುವವರು ಯಾರು?

ಉಪಸಂಹಾರ

ಕಾವೇರಿಯ ಸೀಮೆಯನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಡುಬ್ಬದ ಬಿಳಿಮೀನು, ಹೊರಗಿನಿಂದ ತಂದುಬಿಟ್ಟ ಅದೇ ಕುಲದ ಮೀನುಗಳ ಪೈಪೋಟಿಯಿಂದಲೂ ನದಿಯ ಮಾರ್ಪಾಟುಗಳಿಂದಲೂ ಕ್ಷೀಣವಾಗಿ, ೨೦೧೮ರಲ್ಲಿ ಪ್ರಪಂಚದ ಅತ್ಯಂತ ಅಪಾಯಕ್ಕೆ ಒಳಗಾದ ಪ್ರಾಣಿಗಳ ಪಟ್ಟಿಯನ್ನು ಸೇರಿದೆ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಭಕ್ತರು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದ ಮಡುಗಳು ಮಾತ್ರ ಶಾಸನಕ್ಕಿಂತ ಮೊದಲೇ ಜನರು ತಾವಾಗಿ ಮಾಡಿಕೊಂಡ ರಕ್ಷಣೆಗೆ ಉದಾಹರಣೆಯಾಗಿವೆ. ಆದುದರಿಂದ ಕೊರಿಯಾದ ಸುದ್ದಿಯು ಕನ್ನಡನಾಡಿನ ಹೊಳೆಕೆರೆಗಳಿಗೂ ದೂರವಾದುದಲ್ಲ.

ಸೊಹೊ ಕೆರೆಯ ಮೀನಿನಿಂದ ಗದ್ದೆಗೆ ಏನು ಲಾಭವಿತ್ತೆಂದು ಕೇಳಿದರೆ, ಆಣೆಯ ಲೆಕ್ಕದಲ್ಲಿ ಉತ್ತರ ಕೊಡುವುದು ಕಷ್ಟ. ಆದರೆ ಮೀನು ಬಾಳುವ ನೀರು ಹಸನಾದ ನೀರು. ಚಿಪ್ಪು ಬದುಕುವ ತಳ ಜೀವವುಳ್ಳ ತಳ. ಸಣ್ಣ ಮರಳು ನಿಲ್ಲುವ ಹೊಳೆಯ ಪಕ್ಕದ ಬಾವಿಯಲ್ಲಿ ನೀರು ನಿಲ್ಲುವುದು. ಮೊದಲು ಮೀನಿಗೆ ತಟ್ಟಿದ ಕೇಡು ಅನಂತರ ಬೆಳೆಗೂ ಮನೆಗೂ ತಟ್ಟದೆ ಇರುವುದಿಲ್ಲ. ಕೆರೆಯನ್ನು ಹಿರಿಯರಿಂದ ಪಡೆದವರು, ಅದರ ಏರಿ ತೂಬುಗಳನ್ನು ಹೇಗೋ ಹಾಗೆಯೇ ಅದರೊಳಗಿನ ಜೀವಗಳನ್ನೂ ಲೆಕ್ಕಕ್ಕೆ ಹಿಡಿದು ಮಕ್ಕಳ ವಶಕ್ಕೆ ಒಪ್ಪಿಸತಕ್ಕದ್ದು ನ್ಯಾಯವಾಗಿದೆ. ಈ ಬೇಸಿಗೆಯಲ್ಲಿ ಹೂಳೆತ್ತುವ ಕೆಲಸವನ್ನು ಆರಂಭಿಸುವ ಮೊದಲು ಪ್ರತಿಯೊಂದು ಗ್ರಾಮದ ಮುಖಂಡರೂ ತಮ್ಮ ಕೆರೆಯ ಮಡುವಿನ ದಡದಲ್ಲಿ ಸ್ವಲ್ಪ ಹೊತ್ತು ನಿಂತು, ಅದರಲ್ಲಿ ಯಾವ ಯಾವ ಮೀನುಗಳು ಇವೆಯೆಂಬುದನ್ನು ನೋಡಿ ಬರೆದಿಟ್ಟುಕೊಳ್ಳುವುದು ಶ್ರೇಯಸ್ಕರವು.